ಅರ್ಧ ಕಟ್ಟ

ನಮ್ಮೂರಿನ ತೋಡಿಗೆ ಪ್ರತಿವರ್ಷ ಕಟ್ಟ ಹಾಕುತ್ತಿದ್ದರು. ಮಳೆ ನಿಂತು, ಏಣೆಲು ಬೆಳೆಯ ಕೊಯ್ಲು ಮುಗಿದು, ತೋಡಿನ ನೀರು ಮೊಣಕಾಲಿಗೆ ಇಳಿಯುವ ಹೊತ್ತಿಗೆ ಎರಡೂ ದಡದವರು ಒಂದು ದಿನ ಗೊತ್ತುಮಾಡಿಕೊಂಡು ಸೇರುತ್ತಿದ್ದರು. ಅಡಿಕೆ ಮರದ ಕಾಂಡ, ಕಾಡುಕಲ್ಲು, ಸೊಪ್ಪು, ಬುಟ್ಟಿಗಟ್ಟಲೆ ಕೆಮ್ಮಣ್ಣು. ಆಚೆಯಿಂದ ಅವರು, ಈಚೆಯಿಂದ ನಾವು ಕಟ್ಟುತ್ತಾ ಬಂದು ನಡುನೀರಿನಲ್ಲಿ ಕೂಡುವುದು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ಕಟ್ಟವೆಂದರೆ ಒಂದು ಬೇಸಗೆಯ ಮಟ್ಟಿಗೆ ಬಾಳುವ ಸಣ್ಣ ಅಣೆಕಟ್ಟು. ಮುಂದಿನ ಮಳೆಗಾಲಕ್ಕೆ ಅದು ಇರುವುದಿಲ್ಲ, ಇರಬಾರದು ಕೂಡ. ಅದು ನಿಲ್ಲಿಸಿದ ನೀರಿನಲ್ಲಿ ಸುಗ್ಗಿ ಗದ್ದೆ, ಕೊಳಕೆ ಗದ್ದೆ, ಅಡಿಕೆ ತೋಟ, ಎರಡೂ ದಡದ ಬಾವಿಗಳು ಬದುಕಿಕೊಳ್ಳುತ್ತಿದ್ದವು.

ನಾನು ಆರನೆಯ ಕ್ಲಾಸಿನಲ್ಲಿದ್ದ ವರ್ಷ ಎರಡು ದಡದವರಿಗೂ ಜಗಳವಾಯಿತು. ದಾರಿಯ ವಿಷಯವೋ, ದನ ಗದ್ದೆಗೆ ನುಗ್ಗಿದ್ದೋ, ಈಗ ನೆನಪಿಲ್ಲ. ಗೊತ್ತುಮಾಡಿದ ದಿನ ಆಚೆಯವರು ಬರಲಿಲ್ಲ. ಅಜ್ಜ ಸ್ವಲ್ಪ ಹೊತ್ತು ಕಾದರು. ಆಮೇಲೆ, "ನಮ್ಮ ಪಾಲಿನದ್ದು ನಾವು ಮಾಡುವಾ. ಅವರದ್ದು ಅವರಿಗೆ ಬಿಟ್ಟದ್ದು" ಎಂದು ನಮ್ಮ ಕಡೆಯವರನ್ನೇ ನಿಲ್ಲಿಸಿಕೊಂಡು ತೋಡಿನ ನಡುವಿನವರೆಗೆ ಕಟ್ಟ ಕಟ್ಟಿಸಿದರು. ಕೆಲಸ ಬಹಳ ಚೆನ್ನಾಗಿತ್ತು. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ನೀರು ಮಾತ್ರ ಆ ಅರ್ಧ ಕಟ್ಟದ ತುದಿಯನ್ನು ಬಳಸಿಕೊಂಡು, ತೆರೆದಿದ್ದ ಆಚೆ ಅರ್ಧದಲ್ಲಿ ಎಂದಿಗಿಂತ ಜೋರಾಗಿ ಹರಿದುಹೋಯಿತು. ಹೋಗುವಾಗ ಆಚೆ ದಡದ ಮಣ್ಣನ್ನೂ ಅಷ್ಟು ಕೊರೆಯಿತು. ಆ ಬೇಸಗೆ ಎರಡೂ ಕಡೆಯ ಕೊಳಕೆ ಗದ್ದೆಗಳು ಬಿರುಕುಬಿಟ್ಟವು. ಅಜ್ಜ ಸಾಯುವವರೆಗೂ ಒಂದೇ ಮಾತು ಹೇಳುತ್ತಿದ್ದರು: "ಆ ವರ್ಷ ನಮ್ಮದು ಏನೂ ತಪ್ಪಿರಲಿಲ್ಲ."

ಚಿಕ್ಕವನಿದ್ದಾಗ ಆ ಮಾತು ನನಗೆ ದೊಡ್ಡದಾಗಿ ಕಾಣುತ್ತಿತ್ತು. ಯಾರು ಬರಲಿ ಬಿಡಲಿ ತನ್ನ ಕೆಲಸ ಬಿಡದ ಮನುಷ್ಯ ನನ್ನ ಅಜ್ಜ ಎಂದು ಹೆಮ್ಮೆಪಟ್ಟಿದ್ದೆ. ಇತ್ತೀಚೆಗೆ ಆ ಹೆಮ್ಮೆ ಅಲುಗಾಡಿದೆ. ಅಲುಗಾಡಿಸಿದ್ದು ನಮ್ಮ ತೋಡಿನಿಂದ ಸಾವಿರಾರು ಮೈಲಿ ದೂರದ ಒಂದು ಕಡಲಿನ ಕಥೆ.

ಐಸ್‌ಲ್ಯಾಂಡಿಗೂ ಅಜೋರ್ಸ್ ದ್ವೀಪಗಳಿಗೂ ನಡುವೆ, ಅಟ್ಲಾಂಟಿಕ್ ಸಾಗರದ ತಳದಲ್ಲಿ ಉದ್ದಕ್ಕೆ ಒಂದು ಪರ್ವತಸಾಲು ಹಾಯುತ್ತದೆ. ಆ ಸಾಲನ್ನು ಅಡ್ಡಕ್ಕೆ ಸೀಳುವ ಒಂದು ಆಳವಾದ ಬಿರುಕಿಗೆ ಚಾರ್ಲಿ-ಗಿಬ್ಸ್ ಎಂದು ಹೆಸರು. ಬೆಳಕು ಮುಟ್ಟದ ಆ ತಣ್ಣನೆಯ ನೀರಿನಲ್ಲಿ ಹವಳಗಳಿವೆ, ಸ್ಪಂಜುಗಳಿವೆ, ನೂರು ವರ್ಷ ದಾಟಿ ಬದುಕುವ ಆರೆಂಜ್ ರಫಿ ಎಂಬ ಮೀನಿದೆ. ಈ ಮೀನು ಮೊಟ್ಟೆಯಿಡುವ ವಯಸ್ಸಿಗೆ ಬರಲು ಇಪ್ಪತ್ತು ಮೂವತ್ತು ವರ್ಷ ಬೇಕು. ನಮ್ಮ ಬೂತಾಯಿಗೆ ಒಂದು ವರ್ಷವೂ ಬೇಡ. ತಳವನ್ನು ಗೀಚುತ್ತಾ ಹೋಗುವ ಟ್ರಾಲ್ ಬಲೆ ಒಂದು ಮಧ್ಯಾಹ್ನದಲ್ಲಿ ಒಡೆದುಹಾಕಿದ ಹವಳ ಮತ್ತೆ ಬೆಳೆಯುವುದನ್ನು ನೋಡಲು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಯುಷ್ಯ ಸಾಲುವುದಿಲ್ಲ.

ಈ ಜಾಗದ ಬಹುಪಾಲು ಯಾವ ದೇಶದ್ದೂ ಅಲ್ಲ. ದಡದಿಂದ 200 ನಾಟಿಕಲ್ ಮೈಲಿಯ ಆಚೆಗಿನ ನೀರು ಎಲ್ಲರದ್ದು ಎಂದು 1982ರ ಸಮುದ್ರ ಕಾನೂನಿನ ಒಪ್ಪಂದ ಹೇಳುತ್ತದೆ. ಹಾಗೆಂದು ಅದು ಹೇಳುವವರು ಕೇಳುವವರಿಲ್ಲದ ಜಾಗವೂ ಅಲ್ಲ. ಅದನ್ನು ನೋಡಿಕೊಳ್ಳಲು ಎರಡು ಪ್ರಾದೇಶಿಕ ಸಂಸ್ಥೆಗಳಿವೆ. ಒಂದು ಈಶಾನ್ಯ ಅಟ್ಲಾಂಟಿಕ್ ಮೀನುಗಾರಿಕೆ ಆಯೋಗ, ಚಿಕ್ಕದಾಗಿ ನೀಫ್ಯಾಕ್. ಯಾರು ಎಲ್ಲಿ ಯಾವ ಬಲೆಯಲ್ಲಿ ಎಷ್ಟು ಹಿಡಿಯಬಹುದು ಎಂಬುದು ಅದರ ಕೆಲಸ. ಇನ್ನೊಂದು ಓಸ್ಪಾರ್. ಓಸ್ಲೋ ಮತ್ತು ಪ್ಯಾರಿಸ್ ನಗರಗಳಲ್ಲಿ ಆದ ಎರಡು ಹಳೆಯ ಒಪ್ಪಂದಗಳು 1992ರಲ್ಲಿ ಒಂದಾಗಿ ಹುಟ್ಟಿದ್ದರಿಂದ ಆ ಹೆಸರು. ಕಡಲಿನ ಮಾಲಿನ್ಯ ತಡೆಯುವುದು, ಅಲ್ಲಿನ ಜೀವಸಂಕುಲವನ್ನು ಕಾಪಾಡುವುದು ಅದರ ಕೆಲಸ. ಎರಡರ ಕಚೇರಿಯೂ ಲಂಡನ್ನಿನಲ್ಲೇ. ಹೆಚ್ಚುಕಡಿಮೆ ಅವೇ ದೇಶಗಳು ಎರಡೂ ಕಡೆ ಕೂರುತ್ತವೆ. ರಷ್ಯಾ ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ ಎಂಬಂಥ ವ್ಯತ್ಯಾಸಗಳನ್ನು ಬಿಟ್ಟರೆ.

ಈಗ ತೊಡಕನ್ನು ನೋಡಿ. ಓಸ್ಪಾರ್ ಒಂದು ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಬಹುದು, ಆದರೆ ಅಲ್ಲಿ ಮೀನು ಹಿಡಿಯಬೇಡಿ ಎನ್ನುವಂತಿಲ್ಲ. ಜೀವವೈವಿಧ್ಯಕ್ಕೆಂದೇ 1998ರಲ್ಲಿ ಒಪ್ಪಿಕೊಂಡ ಅದರ ಅನುಬಂಧ ಈ ಮಾತನ್ನು ಬಿಡಿಸಿ ಹೇಳುತ್ತದೆ: ಮೀನುಗಾರಿಕೆಯ ನಿರ್ವಹಣೆಗೆ ಸಂಬಂಧಿಸಿದ ಯಾವ ಕ್ರಮವನ್ನೂ ಓಸ್ಪಾರ್ ಕೈಗೊಳ್ಳಕೂಡದು, ಏನಾದರೂ ಆಗಬೇಕೆಂದು ಅನಿಸಿದರೆ ಅದನ್ನು ಸಂಬಂಧಪಟ್ಟ ಸಂಸ್ಥೆಯ ಗಮನಕ್ಕೆ ತರಬೇಕು. ನೀಫ್ಯಾಕ್ ಬಲೆಯನ್ನು ತಡೆಯಬಹುದು, ಆದರೆ ತಳವನ್ನು ಅಗೆಯುವ ಯಂತ್ರವನ್ನೋ, ನೀರಿಗೆ ಸುರಿಯುವ ಕೊಳೆಯನ್ನೋ ತಡೆಯಲಾರದು. ಹವಳವನ್ನು ಬಲೆಯಿಂದ ಉಳಿಸುವವರು ಒಬ್ಬರು, ಕೊಳೆಯಿಂದ ಉಳಿಸುವವರು ಇನ್ನೊಬ್ಬರು. ಸಾಲದ್ದಕ್ಕೆ, ಚಾರ್ಲಿ-ಗಿಬ್ಸ್‌ನ ಉತ್ತರ ಭಾಗದ ತಳ ತನ್ನ ಭೂಖಂಡದ ಮುಂದುವರಿಕೆ ಎಂದು ಐಸ್‌ಲ್ಯಾಂಡ್ 2009ರಲ್ಲಿ ಹಕ್ಕು ಮಂಡಿಸಿತು. ಹೀಗಾಗಿ 2010ರಲ್ಲಿ ಓಸ್ಪಾರ್ ದಕ್ಷಿಣ ಭಾಗವನ್ನು ಮಾತ್ರ ಪೂರ್ತಿಯಾಗಿ ಘೋಷಿಸಿತು. ಉತ್ತರ ಭಾಗ 2012ರಲ್ಲಿ ಸೇರಿತು, ಅದೂ ನೀರು ಮಾತ್ರ. ತಳ ಆ ಘೋಷಣೆಯ ಹೊರಗೆ ಉಳಿಯಿತು. ಮೇಲಿನ ನೀರಿಗೆ ಒಂದು ಲೆಕ್ಕ, ಕೆಳಗಿನ ನೆಲಕ್ಕೆ ಇನ್ನೊಂದು. ಹವಳಕ್ಕೆ ನೀರೂ ಬೇಕು, ನೆಲವೂ ಬೇಕು ಎಂಬುದು ಯಾರಿಗೂ ಗೊತ್ತಿಲ್ಲದ ಸಂಗತಿಯೇನಲ್ಲ.

ಸಾಮಾನ್ಯವಾಗಿ ನಾವು ತಪ್ಪುಗಳನ್ನು ಎರಡು ಬಗೆಯಾಗಿ ನೋಡುತ್ತೇವೆ. ಮಾಡಬಾರದ್ದನ್ನು ಮಾಡಿದ ತಪ್ಪು ಒಂದು, ಮಾಡಬೇಕಾದ್ದನ್ನು ಬಿಟ್ಟ ತಪ್ಪು ಇನ್ನೊಂದು. ನಮ್ಮ ಧರ್ಮಶಾಸ್ತ್ರಗಳು, ಕೋರ್ಟುಗಳು, ಮನೆಯ ಹಿರಿಯರು ಎಲ್ಲರೂ ಈ ಎರಡನ್ನು ವಿಚಾರಿಸುವುದರಲ್ಲಿ ನುರಿತವರು. ಮೂರನೆಯದೊಂದಿದೆ, ಅದು ನಡುವೆ ಬಿದ್ದ ತಪ್ಪು. ಪ್ರತಿಯೊಬ್ಬರೂ ತಮಗೆ ವಹಿಸಿದ್ದನ್ನು ಮಾಡಿದ್ದಾರೆ, ವಹಿಸದ್ದಕ್ಕೆ ಕೈಹಾಕಿಲ್ಲ. ಆದರೂ ಹವಳ ಮುರಿದಿದೆ. ಯಾರನ್ನು ಕೇಳುವುದು? ಕೇಳಿದರೆ ಸಿಗುವ ಉತ್ತರ ನಮಗೆಲ್ಲ ಕಂಠಪಾಠ: ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಈ ಉತ್ತರ ಬಹಳ ಸಲ ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಎಷ್ಟೋ ಸುಲಭವಿತ್ತು.

ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಒಂದು ಲೇಖನ ಬರೆದ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಟ್ಟರೆ ತನಗೆ ಲಾಭ ಎಂದು ಲೆಕ್ಕ ಹಾಕುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ಅದರ ವಾದ. ಕಡಲಿನ ವಿಷಯ ಬಂದಾಗಲೆಲ್ಲ ಈ ಗೋಮಾಳ ನೆನಪಾಗುತ್ತದೆ. ಆದರೆ ಚಾರ್ಲಿ-ಗಿಬ್ಸ್‌ನ ಕಥೆ ಗೋಮಾಳದ ಕಥೆಯಲ್ಲ. ಅಲ್ಲಿ ಕಾಯುವವರು ಇಲ್ಲದಿರುವುದು ತೊಂದರೆಯಲ್ಲ. ಒಬ್ಬ ದನದ ಕೊರಳನ್ನು ಕಾಯುತ್ತಾನೆ, ಇನ್ನೊಬ್ಬ ಹುಲ್ಲಿನ ಬೇರನ್ನು ಕಾಯುತ್ತಾನೆ, ಇಬ್ಬರಿಗೂ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ದುರಾಸೆಗೆ ಮದ್ದು ಹುಡುಕುವುದರಲ್ಲಿ ನಾವು ಒಂದಷ್ಟು ಪಳಗಿದ್ದೇವೆ. ಅಚ್ಚುಕಟ್ಟಾಗಿ ಹಂಚಿಕೊಂಡ ಜವಾಬ್ದಾರಿಯಿಂದ ಆಗುವ ಕೇಡಿಗೆ ಮದ್ದು ಯಾವುದು?

ಮೀನುಗಾರಿಕೆಯನ್ನು ಇಡೀ ಜೀವಜಾಲದ ನೆಲೆಯಿಂದ ನೋಡಬೇಕು ಎಂಬ ಚಿಂತನೆ ಈ ಪ್ರಶ್ನೆಯನ್ನು ಇನ್ನಷ್ಟು ಚುರುಕುಗೊಳಿಸಿತು. ಹಿಂದೆ ಒಂದು ಜಾತಿಯ ಮೀನು ಎಷ್ಟಿದೆ, ಎಷ್ಟು ಹಿಡಿದರೆ ಮುಂದಿನ ವರ್ಷಕ್ಕೆ ಉಳಿಯುತ್ತದೆ ಎಂದು ಲೆಕ್ಕ ಹಾಕಿದರೆ ಮುಗಿಯುತ್ತಿತ್ತು. ಈಗ ಆ ಮೀನು ಏನು ತಿನ್ನುತ್ತದೆ, ಅದನ್ನು ಯಾರು ತಿನ್ನುತ್ತಾರೆ, ಅದು ಮೊಟ್ಟೆಯಿಡುವ ಜಾಗ ಹೇಗಿದೆ, ಅದರ ಜೊತೆ ಬಲೆಗೆ ಬಿದ್ದು ಸಾಯುವವು ಯಾವುವು, ಅದನ್ನು ನಂಬಿಕೊಂಡ ಊರುಗಳ ಗತಿಯೇನು ಎಂದೂ ಕೇಳಬೇಕು. ಇದನ್ನು ಮೊದಲು ಕಾನೂನಿನ ಮಾತಾಗಿಸಿದವುಗಳಲ್ಲಿ 1980ರಲ್ಲಿ ಸಹಿಯಾಗಿ 1982ರಲ್ಲಿ ಜಾರಿಗೆ ಬಂದ ಅಂಟಾರ್ಕ್ಟಿಕ ಸಾಗರದ ಜೀವಸಂಪತ್ತಿನ ಒಪ್ಪಂದ ಮುಖ್ಯವಾದದ್ದು. ಭಾರತವೂ ಅದರ ಸದಸ್ಯ ದೇಶ. ಅಲ್ಲಿನ ಕಡಲಲ್ಲಿ ಕ್ರಿಲ್ ಎಂಬ, ಸಿಗಡಿಯನ್ನು ಹೋಲುವ, ಬೆರಳುದ್ದದ ಜೀವಿ ಕೋಟ್ಯಂತರ ಸಂಖ್ಯೆಯಲ್ಲಿದೆ. ಹಡಗುಗಳು ಅದನ್ನು ಹಿಡಿಯುವಾಗ ಅದನ್ನೇ ಉಂಡು ಬದುಕುವ ಪೆಂಗ್ವಿನ್, ಸೀಲ್, ತಿಮಿಂಗಿಲಗಳಿಗೆ ಉಳಿಯುತ್ತದೆಯೇ ಎಂದು ನೋಡಬೇಕು ಎಂಬುದು ಆ ಒಪ್ಪಂದದ ತಿರುಳು.

ಎಷ್ಟು ಒಳ್ಳೆಯ ಮಾತು! ಆದರೆ ತಿಮಿಂಗಿಲದ ಲೆಕ್ಕ ಇಡುವುದು 1946ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ. ಅದರ ಊಟದ ಲೆಕ್ಕ ಇಡುವುದು ಅಂಟಾರ್ಕ್ಟಿಕದ ಆಯೋಗ. ಬೇಟೆ ನಿಂತು ತಿಮಿಂಗಿಲಗಳ ಸಂಖ್ಯೆ ಏರಿದರೆ ಅವುಗಳಿಗೆ ಬೇಕಾಗುವ ಕ್ರಿಲ್ ಕೂಡ ಏರುತ್ತದೆ. ಒಬ್ಬರ ಯಶಸ್ಸು ಇನ್ನೊಬ್ಬರ ಲೆಕ್ಕವನ್ನು ತಪ್ಪಿಸಬಲ್ಲದು. ಇಡೀ ಜೀವಜಾಲವನ್ನು ನೋಡುತ್ತೇವೆ ಎಂದು ಒಂದು ಸಂಸ್ಥೆ ಹೇಳಿದೊಡನೆ, ತನ್ನ ಪಕ್ಕದ ಮನೆಯನ್ನೂ ನೋಡಬೇಕಾದ ಹೊಣೆ ಅದರ ತಲೆಗೆ ಬರುತ್ತದೆ. ಜೀವಜಾಲಕ್ಕೆ ಕಚೇರಿಗಳ ಗೋಡೆ ಗೊತ್ತಿಲ್ಲ.

ಹಾಗಾದರೆ ಗೋಡೆಗಳನ್ನೇ ಒಡೆದು ಒಂದೇ ದೊಡ್ಡ ಸಂಸ್ಥೆ ಮಾಡಬಾರದೇ? ಮೊದಲು ನನಗೂ ಹಾಗೇ ಅನಿಸಿತ್ತು. ಯೋಚಿಸಿದಂತೆ ಆ ಗೆರೆಗಳು ಸುಮ್ಮನೆ ಹುಟ್ಟಿದವಲ್ಲ ಎಂದು ತಿಳಿಯಿತು. ಮೀನುಗಾರಿಕೆಯ ಸಭೆಯಲ್ಲಿ ಮೀನು ಹಿಡಿದು ಬದುಕುವವರ ಮಾತಿಗೆ ಜಾಗವಿದೆ. ಅವರನ್ನು ಕೇಳದೆ, ಪರಿಸರದ ಸಭೆಯೊಂದು ಅವರ ಬಲೆಯನ್ನು ಕಟ್ಟಿಡಿ ಎಂದು ಆಜ್ಞೆ ಮಾಡಿದರೆ ಅದು ಅನ್ಯಾಯವೇ. ಹಾಗೆಯೇ ಮಾರುಕಟ್ಟೆಯಿಲ್ಲದ, ಬೆಲೆಯಿಲ್ಲದ ಸ್ಪಂಜಿನ ಪರವಾಗಿ ಮಾತಾಡಲು ಬೇರೆಯೇ ಒಂದು ಪೀಠ ಬೇಕು. ಎರಡನ್ನೂ ಒಂದೇ ಕೋಣೆಗೆ ತಂದರೆ ದೊಡ್ಡ ದನಿಯವರು ಚಿಕ್ಕ ದನಿಯವರನ್ನು ನುಂಗಿಬಿಡುತ್ತಾರೆ. ಎಲಿನಾರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ ಟರ್ಕಿಯ ಅಲಾನ್ಯಾ ಎಂಬ ಊರಿನ ಮೀನುಗಾರರ ಉದಾಹರಣೆ ಕೊಡುತ್ತಾರೆ. ಯಾರು ಎಲ್ಲಿ ಬಲೆ ಹಾಕಬೇಕು ಎಂದು ಅವರೇ ಚೀಟಿ ಎತ್ತಿ ಹಂಚಿಕೊಂಡು, ಎಲ್ಲರಿಗೂ ಎಲ್ಲ ಜಾಗವೂ ಸಿಗುವಂತೆ ಸರದಿ ಮಾಡಿಕೊಂಡರು. ಮೇಲಿನಿಂದ ಯಾರೂ ಬಂದು ಹೇಳಿಕೊಡಲಿಲ್ಲ. ಹಾರ್ಡಿನ್ ಹೇಳಿದ ದುರಂತ ಅನಿವಾರ್ಯವಲ್ಲ ಎಂದು ತೋರಿಸಿದ್ದಕ್ಕೆ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಲವು ಪೀಠಗಳಿರುವುದು ದೋಷವಲ್ಲ ಎಂಬುದು ಅವರಿಂದ ನಾನು ಕಲಿತ ಪಾಠ. ಪೀಠಗಳ ನಡುವೆ ದಾರಿ ಇದೆಯೇ ಎಂಬುದೇ ಪ್ರಶ್ನೆ.

ಅಟ್ಲಾಂಟಿಕ್‌ನ ಆ ಎರಡು ಸಂಸ್ಥೆಗಳು ಮಾಡಿದ್ದು ಇಂಥದೊಂದು ದಾರಿಯನ್ನೇ. 2008ರಲ್ಲಿ ಪರಸ್ಪರ ಮಾಹಿತಿ ಹಂಚಿಕೊಳ್ಳುವ ಒಡಂಬಡಿಕೆಗೆ ಬಂದವು. 2009ರಲ್ಲಿ ನೀಫ್ಯಾಕ್ ಆ ಪರ್ವತಸಾಲಿನ ದೊಡ್ಡ ಭಾಗಗಳಲ್ಲಿ ತಳ ಮುಟ್ಟುವ ಮೀನುಗಾರಿಕೆಯನ್ನು ನಿಲ್ಲಿಸಿತು. 2010ರಲ್ಲಿ ನಾರ್ವೆಯ ಬರ್ಗನ್‌ನಲ್ಲಿ ಸೇರಿದ ಓಸ್ಪಾರ್ ಸಚಿವರು ತೆರೆದ ಸಾಗರದಲ್ಲಿ ಆರು ಸಂರಕ್ಷಿತ ಪ್ರದೇಶಗಳನ್ನು ಘೋಷಿಸಿದರು. ನಕ್ಷೆಯ ಮೇಲೆ ಇಬ್ಬರ ಗೆರೆಗಳೂ ಬಹಳ ಕಡೆ ಒಂದರ ಮೇಲೊಂದು ಬೀಳುತ್ತವೆ, ಕೆಲವು ಕಡೆ ಬೀಳುವುದಿಲ್ಲ. 2014ರಲ್ಲಿ ಇಬ್ಬರೂ ಒಂದು ಸಾಮೂಹಿಕ ವ್ಯವಸ್ಥೆಯನ್ನು ಒಪ್ಪಿಕೊಂಡರು. ಅದನ್ನು ಓದಿದರೆ ಬಹಳ ಸಪ್ಪೆ. ತಾವು ಕಾಪಾಡುವ ಜಾಗಗಳ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳುವುದು, ಅಲ್ಲಿ ಏನಾದರೂ ಹೊಸದಾಗಿ ಮಾಡುವ ಮುಂಚೆ ಇನ್ನೊಬ್ಬರಿಗೆ ತಿಳಿಸುವುದು, ವರ್ಷಕ್ಕೊಮ್ಮೆ ಕೂತು ಮಾತಾಡುವುದು. ಯಾರ ಅಧಿಕಾರವೂ ಕೂದಲೆಳೆಯಷ್ಟೂ ಹೆಚ್ಚಲಿಲ್ಲ, ಕಡಿಮೆಯಾಗಲಿಲ್ಲ. ಬೇರೆ ಸಂಸ್ಥೆಗಳು ಬಂದರೆ ಸೇರಿಸಿಕೊಳ್ಳುತ್ತೇವೆ ಎಂದು ಬಾಗಿಲನ್ನು ತೆರೆದಿಟ್ಟರು, ಅಷ್ಟೆ.

ಇಷ್ಟಕ್ಕೆ ಇಷ್ಟು ವರ್ಷ ಬೇಕಾಯಿತೇ ಎಂದು ನಗು ಬರುತ್ತದೆ. ಆದರೆ ಆ ಸಪ್ಪೆ ಮಾತಿನ ಒಳಗೆ ಒಂದು ದೊಡ್ಡ ಒಪ್ಪಿಗೆ ಇದೆ: ನನ್ನ ಕೆಲಸ ನನ್ನ ಗಡಿಯ ತುದಿಯಲ್ಲಿ ಮುಗಿಯುವುದಿಲ್ಲ. ಇನ್ನೊಬ್ಬರ ಕೆಲಸವನ್ನು ನಾನು ಮಾಡಲಾರೆ, ಮಾಡಲೂಬಾರದು. ಆದರೆ ಅವರು ಏನು ಮಾಡುತ್ತಿದ್ದಾರೆ ಎಂದು ತಿಳಿದುಕೊಳ್ಳದೆ ನನ್ನ ಕೆಲಸ ಆಯಿತು ಎಂದು ಹೇಳಲಾರೆ. ಎರಡೂ ಕಡೆ ಅದೇ ದೇಶಗಳಿದ್ದರೂ ಒಂದು ಸಭೆಗೆ ಮೀನುಗಾರಿಕೆ ಇಲಾಖೆಯವರು ಹೋಗುತ್ತಾರೆ, ಇನ್ನೊಂದಕ್ಕೆ ಪರಿಸರ ಇಲಾಖೆಯವರು. ಹಾಗಾಗಿ ಈ ವ್ಯವಸ್ಥೆ ಎರಡು ಸಂಸ್ಥೆಗಳನ್ನು ಮಾತಾಡಿಸಿದ್ದರ ಜೊತೆಗೆ ಪ್ರತಿಯೊಂದು ದೇಶದ ಬಲಗೈ ಎಡಗೈಗಳನ್ನೂ ಪರಿಚಯ ಮಾಡಿಸಿತು. ವ್ಯಕ್ತಿಗಳಾಗಿ ನಾವೂ ಹೀಗೆಯೇ ಅಲ್ಲವೇ? ಆಫೀಸಿನಲ್ಲಿ ಒಂದು ನ್ಯಾಯ, ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು. ಎಲ್ಲ ಕಡೆಯೂ ನಿಯಮದ ಪ್ರಕಾರವೇ ನಡೆದು, ಒಟ್ಟಾರೆ ಬದುಕು ಎಲ್ಲೋ ತಪ್ಪಿದೆ ಎಂದು ಅನಿಸುವ ಸಂಜೆಗಳು ಎಲ್ಲರಿಗೂ ಇವೆ.

ಇದನ್ನು ಕೊಂಡಾಡುವ ಮುಂಚೆ ಒಂದು ಅನುಮಾನವನ್ನೂ ಹೇಳಬೇಕು. ಹೆಚ್ಚು ದೋಣಿಗಳು ಹೋಗದ ಜಾಗಕ್ಕೆ ಬೇಲಿ ಹಾಕುವುದು ಕಷ್ಟವಲ್ಲ. ಸಹಕಾರದ ನಿಜವಾದ ಪರೀಕ್ಷೆ ಆಗುವುದು ದುಡ್ಡು ಇರುವ ಕಡೆ. ಅದೇ ಕಡಲಿನ ಮ್ಯಾಕೆರೆಲ್ ಮೀನಿನ ವಿಷಯದಲ್ಲಿ ಅದೇ ನೆರೆಹೊರೆಯವರು ಸೋತಿದ್ದಾರೆ.

ಮ್ಯಾಕೆರೆಲ್ ನಮ್ಮ ಬಂಗುಡೆಯ ನೆಂಟ. ಸುಮಾರು 2007ರಿಂದ ಈ ಮೀನು ಉತ್ತರಕ್ಕೂ ಪಶ್ಚಿಮಕ್ಕೂ ಹರಡಿ ಐಸ್‌ಲ್ಯಾಂಡಿನ ನೀರಿನಲ್ಲಿ ರಾಶಿರಾಶಿಯಾಗಿ ಕಾಣಿಸಿಕೊಂಡಿತು. ಮುಂಚೆ ಅದನ್ನು ಹೆಚ್ಚುಕಡಿಮೆ ಹಿಡಿಯದೇ ಇದ್ದ ಆ ದೇಶದ ಹಿಡಿತ ಕೆಲವೇ ವರ್ಷಗಳಲ್ಲಿ ಲಕ್ಷ ಟನ್ ದಾಟಿತು. ಐಸ್‌ಲ್ಯಾಂಡಿನವರು, ನಮ್ಮ ನೀರಿನಲ್ಲಿ ಮೇಯ್ದು ಕೊಬ್ಬುವ ಮೀನಿನಲ್ಲಿ ನಮಗೂ ಪಾಲು ಬೇಕು ಎಂದರು. ನಾರ್ವೆ ಮತ್ತು ಯುರೋಪಿನ ಒಕ್ಕೂಟದವರು, ತಲೆಮಾರುಗಳಿಂದ ಇದನ್ನು ಹಿಡಿದುಕೊಂಡು ಬಂದವರು ನಾವು ಎಂದರು. ಫ್ಯಾರೋ ದ್ವೀಪದವರು, ನಮಗಿರುವುದೇ ಮೀನು ಎಂದರು. ಇವುಗಳಲ್ಲಿ ಯಾವ ಮಾತನ್ನು ಸುಳ್ಳು ಎನ್ನುವುದು? ಕಡಲಿನ ಸಂಶೋಧನೆಗೆಂದು 1902ರಿಂದ ಇರುವ ಅಂತರರಾಷ್ಟ್ರೀಯ ಮಂಡಳಿ ಪ್ರತಿವರ್ಷ ಒಟ್ಟು ಎಷ್ಟು ಹಿಡಿಯಬಹುದು ಎಂದು ಸಲಹೆ ಕೊಡುತ್ತದೆ. ಒಟ್ಟು ಎಷ್ಟು ಎಂಬ ಬಗ್ಗೆ ಜಗಳ ಕಡಿಮೆ, ಯಾರಿಗೆ ಎಷ್ಟು ಎಂಬುದೇ ಜಗಳ. ಒಪ್ಪಂದವಾಗದೆ ಪ್ರತಿಯೊಬ್ಬರೂ ತಮಗೆ ನ್ಯಾಯವೆನಿಸಿದ ಪಾಲನ್ನು ತಾವೇ ಬರೆದುಕೊಂಡರು. ಎಲ್ಲ ಪಾಲುಗಳನ್ನು ಕೂಡಿದರೆ ಸಲಹೆಯನ್ನು ಮೀರುತ್ತಿತ್ತು, ಒಂದೆರಡು ವರ್ಷವಲ್ಲ, ವರ್ಷ ವರ್ಷವೂ. ಜವಾಬ್ದಾರಿಯಿಂದ ಹಿಡಿದ ಮೀನು ಎಂಬ ಪ್ರಮಾಣಪತ್ರ 2019ರಲ್ಲಿ ಕೈತಪ್ಪಿತು. 2025ರಲ್ಲಿ ವಿಜ್ಞಾನಿಗಳು, ಬರುವ ವರ್ಷ ಹಿಡಿತವನ್ನು ಶೇ. 70ರಷ್ಟು ಇಳಿಸಿ ಎಂದು ಹೇಳಬೇಕಾಯಿತು.

ಒಂದೊಂದಾಗಿ ನೋಡಿದರೆ ಎಲ್ಲವೂ ನ್ಯಾಯ, ಕೂಡಿದರೆ ಅನ್ಯಾಯ. ಇದು ನನ್ನನ್ನು ಬಹಳ ಕಾಡಿದ ಲೆಕ್ಕ. ನ್ಯಾಯವೆಂದರೆ ನನಗೆ ಸಲ್ಲಬೇಕಾದ್ದು ನನಗೆ ಸಲ್ಲುವುದು ಎಂದು ನಾವು ಕಲಿತಿದ್ದೇವೆ. ಪಾತ್ರೆಯಲ್ಲಿ ಇರುವುದೆಷ್ಟು ಎಂದು ನೋಡದೆ ಎಲ್ಲರೂ ತಮ್ಮ ತಮ್ಮ ಪಾಲು ಕೇಳಿದರೆ, ಆ ಕೇಳಿಕೆ ಎಷ್ಟೇ ಸರಿಯಿದ್ದರೂ ಬಡಿಸಲು ಏನೂ ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಯಾರೋ ಒಬ್ಬರು ತಮ್ಮ ನ್ಯಾಯವಾದ ಪಾಲಿನಲ್ಲಿ ಸ್ವಲ್ಪ ಬಿಡಬೇಕಾಗುತ್ತದೆ. ಬಿಟ್ಟವರು ಮೂರ್ಖರಾಗುವ ಅಪಾಯವೂ ಇದೆ; ಅವರು ಬಿಟ್ಟದ್ದನ್ನು ಪಕ್ಕದವರು ಹಿಡಿದುಕೊಂಡು ಹೋಗಬಹುದು. ಸಹಕಾರ ಎಂಬ ಮೆತ್ತಗಿನ ಪದದ ಒಳಗೆ ಇರುವ ಗಟ್ಟಿ ಬೀಜ ಇದು. ಒಟ್ಟಿಗೆ ಕೂತು ಚಹಾ ಕುಡಿಯುವುದಕ್ಕೆ ಯಾರದ್ದೂ ತಕರಾರಿಲ್ಲ. ಮೊದಲು ಬಿಡುವವರು ಯಾರು ಎಂಬಲ್ಲಿಗೆ ಬಂದಾಗ ಕೋಣೆ ಮೌನವಾಗುತ್ತದೆ.

ಇದನ್ನೆಲ್ಲ ಓದುವಾಗ ನನಗೆ ತಲಪಾಡಿ ನೆನಪಾಗುತ್ತಿತ್ತು. ಮಂಗಳೂರಿನಿಂದ ದಕ್ಷಿಣಕ್ಕೆ ಹೋದರೆ ಕರ್ನಾಟಕ ಮುಗಿದು ಕೇರಳ ಶುರುವಾಗುವ ಜಾಗ. ರಸ್ತೆಯ ಮೇಲೆ ಬೋರ್ಡು ಇದೆ, ಕಡಲಲ್ಲಿ ಇಲ್ಲ. ನಮ್ಮ ಸಂವಿಧಾನ ಮೀನುಗಾರಿಕೆಯನ್ನು ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ, ದಡದಿಂದ 12 ನಾಟಿಕಲ್ ಮೈಲಿಯ ಆಚೆಗಿನದನ್ನು ಕೇಂದ್ರದ ಪಟ್ಟಿಯಲ್ಲಿ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಹೊತ್ತಿಗೆ ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ದಡದಲ್ಲಿರುತ್ತವೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ 52 ದಿನ, ಜೂನ್ 9ರ ನಡುರಾತ್ರಿಯಿಂದ. ಎರಡೂ ಸರ್ಕಾರಗಳಿಗೆ ತಮ್ಮ ತಮ್ಮ ಕಾರಣಗಳಿವೆ, ತಮ್ಮ ತಮ್ಮ ಮೀನುಗಾರರ ಹೊಟ್ಟೆಪಾಡಿನ ಚಿಂತೆಯಿದೆ. ಆದರೆ ಜೂನ್ ಮೊದಲ ವಾರದಲ್ಲಿ ತಲಪಾಡಿಯ ನೇರಕ್ಕೆ ಈಜುವ ಬೂತಾಯಿಯ ಹಿಂಡು ಒಂದು ಬಾಲದ ಹೊಡೆತದಲ್ಲಿ ರಕ್ಷಣೆಯಿಂದ ಹೊರಕ್ಕೂ ಒಳಕ್ಕೂ ಹೋಗಿಬರುತ್ತದೆ. ಒಂದು ರಾಜ್ಯದಲ್ಲಿ ಹಿಡಿಯಬಾರದ ಮರಿಯನ್ನು ಇನ್ನೊಂದು ರಾಜ್ಯದ ಬಂದರಿನಲ್ಲಿ ಇಳಿಸಲು ಸಾಧ್ಯವಾದರೆ, ಎರಡೂ ರಾಜ್ಯಗಳ ನಿಯಮಗಳು ಸೇರಿ ಒಂದು ಪೂರ್ಣ ನಿಯಮ ಆಗುವುದಿಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿದಿತ್ತು. ಅದಕ್ಕೆ ಕಡಲಿನ ಬಿಸಿ, ಗಾಳಿ, ಪ್ರವಾಹಗಳ ಏರುಪೇರೂ ಕಾರಣ. ಎಲ್ಲವನ್ನೂ ಬಲೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕಡಲು ತಾನಾಗಿ ಕೈಕೊಡುವ ವರ್ಷಗಳಲ್ಲೇ ದಡದವರು ಕೂಡಿ ಯೋಚಿಸುವ ಅಗತ್ಯ ಹೆಚ್ಚು.

ಈ ಮಾತಿಗೆ ಒಬ್ಬ ಗೆಳೆಯರು ಹೇಳಿದ್ದು: "ಸಹಕಾರ ಎಂದರೆ ಸಭೆ, ಸಭೆ ಎಂದರೆ ಕೆಲಸ ಮಾಡದಿರಲು ಸಿಗುವ ಗೌರವದ ನೆಪ." ಅವರ ಮಾತಿನಲ್ಲಿ ಹುರುಳಿದೆ. ಗಮನಕ್ಕೆ ತರಲಾಗಿದೆ ಎಂದು ಪತ್ರ ಬರೆದು ಕೈತೊಳೆದುಕೊಳ್ಳುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸೇರಿ ಮಾಡುವ ಕೆಲಸವೆಲ್ಲ ಒಳ್ಳೆಯದೂ ಅಲ್ಲ. ಒಟ್ಟಾಗಿ ಕೊಳ್ಳೆ ಹೊಡೆಯುವುದೂ ಸಹಕಾರವೇ. ಹಾಗಾಗಿ ಸಹಕಾರವನ್ನು ಅಳೆಯುವ ಕೋಲು ಎಷ್ಟು ಸಲ ಸೇರಿದರು ಎಂಬುದಾಗಬಾರದು. ಹವಳ ಉಳಿಯಿತೇ, ಮರಿ ಬೆಳೆಯಿತೇ, ನೀರು ನಿಂತಿತೇ ಎಂದು ನೋಡಬೇಕು. ತೆರೆದ ಸಾಗರದ ಜೀವವೈವಿಧ್ಯಕ್ಕೆಂದು 2023ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿಕೊಂಡ ಹೊಸ ಒಪ್ಪಂದವೂ ಈಗಾಗಲೇ ಇರುವ ಪ್ರಾದೇಶಿಕ ಸಂಸ್ಥೆಗಳ ಅಧಿಕಾರವನ್ನು ದುರ್ಬಲಗೊಳಿಸುವುದಿಲ್ಲ ಎಂದು ಮಾತು ಕೊಟ್ಟಿದೆ. ಅಂದರೆ ಮುಂದೆಯೂ ಹಲವು ದಡಗಳು ಇರುತ್ತವೆ, ಹಲವು ಪೀಠಗಳು ಇರುತ್ತವೆ. ಅವುಗಳ ನಡುವಿನ ದಾರಿಯನ್ನು ಯಾವ ಕಾನೂನೂ ಪೂರ್ತಿ ಹಾಕಿಕೊಡಲಾರದು. ನಡೆಯುವವರು ನಡೆದೇ ಅದು ಆಗಬೇಕು.

ಈಗ ಅಜ್ಜನ ಮಾತಿಗೆ ಬರುತ್ತೇನೆ. ಅವರು ತಪ್ಪು ಮಾಡಿದರು ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆಚೆಯವರ ಅರ್ಧವನ್ನು ಅವರು ಕಟ್ಟಲು ಹೋಗಿದ್ದರೆ ಇನ್ನೊಂದು ಜಗಳವಾಗುತ್ತಿತ್ತು, ಅದು ಅವರ ನೆಲ. ತನ್ನ ಅರ್ಧವನ್ನು ಕಟ್ಟದೆ ಬಿಟ್ಟಿದ್ದರೆ ಸೋಮಾರಿತನವಾಗುತ್ತಿತ್ತು. ಅವರಿಗೆ ಮಾಡಲು ಉಳಿದಿದ್ದು ಒಂದೇ ಕೆಲಸ. ಬುಟ್ಟಿ ಕೆಳಗಿಟ್ಟು, ಮೊಣಕಾಲುದ್ದದ ನೀರು ದಾಟಿ, ಆಚೆ ಮನೆಯ ಅಂಗಳಕ್ಕೆ ಹೋಗಿ, "ಹಿಂದಿನದ್ದು ಇರಲಿ, ಬನ್ನಿ" ಎಂದು ಹೇಳುವುದು. ಅದು ಯಾರ ಪಾಲಿಗೂ ಬರೆದಿಟ್ಟ ಕೆಲಸವಾಗಿರಲಿಲ್ಲ. ಅದಕ್ಕೇ ಯಾರೂ ಮಾಡಲಿಲ್ಲ. ಅವರು ಹೋಗಿದ್ದರೆ ಆಚೆಯವರು ಬರುತ್ತಿದ್ದರೋ ಇಲ್ಲವೋ. ಆದರೆ ನಮ್ಮದು ಏನೂ ತಪ್ಪಿರಲಿಲ್ಲ ಎಂಬ ಮಾತನ್ನು ಹೇಳುವ ಹಕ್ಕು ಅವರಿಗೆ ಬರುತ್ತಿದ್ದುದು ಆ ನೀರು ದಾಟಿ ಹಿಂದಿರುಗಿದ ಮೇಲೆ.

ಮುಂದಿನ ವರ್ಷ ಕಟ್ಟ ಪೂರ್ತಿಯಾಯಿತು. ಆಚೆ ಮನೆಯ ಅಜ್ಜಿಯೊಬ್ಬರು ಒಂದು ದಿನ ಬೆಳಿಗ್ಗೆ ತೋಡು ದಾಟಿ ಬಂದು, ನಮ್ಮ ಜಗಲಿಯಲ್ಲಿ ಕೂತು ವೀಳ್ಯ ಹಾಕಿಕೊಂಡು, "ಕಟ್ಟಕ್ಕೆ ದಿನ ಯಾವತ್ತು?" ಎಂದು ಕೇಳಿದ್ದರು. ಹಿಂದಿನ ಬೇಸಗೆಯ ಬಗ್ಗೆ ಅವರೂ ಕೇಳಲಿಲ್ಲ, ನಮ್ಮವರೂ ಹೇಳಲಿಲ್ಲ. ಅವರು ಕಟ್ಟ ಕಟ್ಟುವ ವಯಸ್ಸಿನವರಾಗಿರಲಿಲ್ಲ, ಯಾರೂ ಅವರನ್ನು ಕಳಿಸಿಯೂ ಇರಲಿಲ್ಲ.